ಉಡದ ಪಟ್ಟಿನ ಮನೆತನ

ಗಜೇಂದ್ರಗಡದ ಕೋಟೆ ಕಂಡವರಿಗೆ ಘೋರ್ಪಡೆ ಮನೆತನದ ಹೆಸರು ಹೊಸದಲ್ಲ. ಮರಾಠಿಯಲ್ಲಿ ಘೋರ್ಪಡ ಎಂದರೆ ಉಡ. ಬಹಮನಿ ಸುಲ್ತಾನರ ಕಾಲದಲ್ಲಿ ಈ ಕುಲದ ಹಿರಿಯನೊಬ್ಬ ಉಡಕ್ಕೆ ಹಗ್ಗ ಕಟ್ಟಿ ಕೋಟೆ ಏರಿದ, ಅದರಿಂದಲೇ ಈ ಹೆಸರು ಬಂತು ಎಂಬುದು ಐತಿಹ್ಯ. 1670ರಲ್ಲಿ ಸಿಂಹಗಡ ಹತ್ತಿದ ತಾನಾಜಿಯ ಬಗ್ಗೆಯೂ ಇದೇ ಕಥೆ ಇದೆ. ಹೀಗಾಗಿ ಇದನ್ನು ಇತಿಹಾಸವೆಂದು ನಂಬುವುದು ಕಷ್ಟ.

ಆದರೆ ಮನೆತನ ಹಬ್ಬಿದ್ದು ಕಥೆಯಲ್ಲ. ಶಿವಾಜಿಯ ಮಗ ರಾಜಾರಾಮನ ಕಾಲದಲ್ಲಿ ಸಂತಾಜಿ ಘೋರ್ಪಡೆಯ ಸೋದರ ಬಹಿರ್ಜಿಗೆ ‘ಹಿಂದೂರಾವ್’ ಬಿರುದು ದೊರೆಯಿತು. ಆತನ ವಂಶದವರು ಗಜೇಂದ್ರಗಡ, ಗುತ್ತಿ, ಸಂಡೂರುಗಳಲ್ಲಿ ನೆಲೆಯೂರಿದರು. 1776ರಲ್ಲಿ ಗುತ್ತಿ ಹೈದರಾಲಿಯ ಪಾಲಾಯಿತು. 1949ರಲ್ಲಿ ಸಂಡೂರು ಸಂಸ್ಥಾನ ಭಾರತದಲ್ಲಿ ವಿಲೀನಗೊಂಡಿತು. ಗಡಿ ಹೋಯಿತು, ಗಾದಿ ಹೋಯಿತು. ಹೆಸರು ಮಾತ್ರ ಬಿಡಲಿಲ್ಲ. ಉಡದ ಪಟ್ಟು ಎನ್ನುವುದು ಇದಕ್ಕೇ.