ಪರಊರಿನವರೆಲ್ಲ ಕಳ್ಳರೇ?



ಶಾಲೆಗೆ ಐವತ್ತು ತುಂಬಿದ ಸಂಭ್ರಮದಲ್ಲಿ ಸ್ವಲ್ಪ ಕಹಿಯಾದ ವಿಷಯ ಎತ್ತುತ್ತಿದ್ದೇನೆ, ಮನ್ನಿಸಬೇಕು. ಈಗ ನಮ್ಮ ಕಡೆಗೂ ಕಟ್ಟಡ, ಹೋಟೆಲ್ ಕೆಲಸಕ್ಕೆ ಬಿಹಾರ, ಒಡಿಶಾ ಕಡೆಯ ಹುಡುಗರು ಬರುತ್ತಿದ್ದಾರೆ. ಎಲ್ಲಾದರೂ ಕಳವಾದರೆ ಮೊದಲ ಬೆರಳು ಅವರ ಶೆಡ್ಡಿನ ಕಡೆಗೇ ತಿರುಗುತ್ತದೆ.

ಇದರ ನೋವು ನಮ್ಮವರಿಗೆ ಹೊಸದಲ್ಲ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದಿಂದ ಗೋವಾಕ್ಕೆ ದುಡಿಯಲು ಹೋದವರು ಅಲ್ಲಿ ರಸ್ತೆ ಮಾಡಿದರು, ಮನೆ ಕಟ್ಟಿದರು. ಆದರೂ ಅವರಿಗೆ ಅಂಟಿದ ಹೆಸರು ‘ಘಾಟಿ’, ಅಂದರೆ ಘಟ್ಟದಾಚೆಯವರು. ಈಗ ಸರದಿ ಬೇರೆಯವರದು. 2023ರ ಮೇ 1ರಂದು, ಕಾರ್ಮಿಕರ ದಿನವೇ, ಗೋವಾದ ಮುಖ್ಯಮಂತ್ರಿಗಳು ಅಲ್ಲಿನ ಅಪರಾಧಗಳಲ್ಲಿ ಶೇ. 90ರಷ್ಟು ಬಿಹಾರ, ಉತ್ತರ ಪ್ರದೇಶದಂಥ ಕಡೆಯ ವಲಸೆ ಕಾರ್ಮಿಕರದು ಎಂದರು.

ಇಂಥ ಅಂಕಿ ಕೇಳಿದಾಗ ಈ ಶಾಲೆಯಲ್ಲಿ ಕಲಿತ ಲೆಕ್ಕವನ್ನು ನೆನೆಯೋಣ. ಬಂಧನವಾದವರೆಲ್ಲ ಅಪರಾಧಿಗಳಲ್ಲ, ಅದನ್ನು ನ್ಯಾಯಾಲಯ ಹೇಳಬೇಕು. ಅನುಮಾನ ಯಾರ ಮೇಲೋ ತಪಾಸಣೆಯೂ ಅವರದೇ ಹೆಚ್ಚು. ಆಗ ಸಿಕ್ಕಿಬೀಳುವವರ ಸಂಖ್ಯೆಯೂ ಬೆಳೆಯುತ್ತದೆ. ಯಾವ ನಾಡಿನಲ್ಲೂ ಅಪರಾಧ ಪ್ರಕರಣಗಳಲ್ಲಿ ಹೆಚ್ಚಾಗಿ ಕಾಣುವವರು ಪ್ರಾಯದ ಗಂಡಸರು. ದುಡಿಯಲು ವಲಸೆ ಬರುವವರಲ್ಲಿ ಅವರೇ ಹೆಚ್ಚು. ಅವರನ್ನು ಮಕ್ಕಳು ಮುದುಕರೆಲ್ಲ ಸೇರಿದ ಇಡೀ ಊರಿನೊಡನೆ ತೂಗಿದರೆ ತಕ್ಕಡಿ ಸರಿಬರುವುದಿಲ್ಲ.

ಅನುಮಾನ ಜೀವವನ್ನೂ ತೆಗೆಯುತ್ತದೆ. 2018ರ ಜುಲೈನಲ್ಲಿ ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಬಂದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿತು. ಮುರ್ಕಿ ಎಂಬಲ್ಲಿ ಜನ ಅವರನ್ನು ತಡೆದು ಹೊಡೆದರು. ಒಬ್ಬ ಯುವಕ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು.

ಕಳ್ಳನನ್ನು ಸುಮ್ಮನೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಕಳವಾದರೆ ದೂರು ಕೊಡಿ, ಸಂಶಯ ಬಂದರೆ 112ಕ್ಕೆ ಕರೆ ಮಾಡಿ. ಕೆಲಸಕ್ಕೆ ಕರೆತಂದವರು ಆಳುಗಳ ಹೆಸರು, ವಿಳಾಸ ಬರೆದಿಟ್ಟುಕೊಳ್ಳಿ. ಸುದ್ದಿ ಬಂದರೆ ಮುಂದೆ ಕಳಿಸುವ ಮೊದಲು ‘ಕಣ್ಣಾರೆ ಕಂಡವರು ಯಾರು?’ ಎಂದು ಕೇಳಿ. ಒಬ್ಬ ಮಾಡಿದ ತಪ್ಪನ್ನು ಅವನ ಊರಿನ ತಲೆಗೆ ಕಟ್ಟಬೇಡಿ.

ಇಲ್ಲಿ ಕುಳಿತ ಮಕ್ಕಳಲ್ಲಿ ಅನೇಕರು ನಾಳೆ ಪುಣೆಯಲ್ಲೋ ದುಬೈಯಲ್ಲೋ ಹೊರಗಿನವರಾಗಿ ದುಡಿಯುವವರು. ಅಲ್ಲಿ ಅವರಿಗೆ ಯಾವ ನ್ಯಾಯ ಸಿಗಲೆಂದು ಬಯಸುತ್ತೇವೋ, ಅದನ್ನೇ ಇಲ್ಲಿಗೆ ಬಂದವರಿಗೂ ಕೊಡೋಣ.