ಬಿದರಿಯ ಕಪ್ಪು

ಮರದ ಸಾಮಾನಿಗೆ ಅರಗನ್ನೋ ವಾರ್ನಿಷನ್ನೋ ಬಳಿದು ಮೆರುಗೇರಿಸುವುದನ್ನು ನಾವೆಲ್ಲರೂ ಬಲ್ಲೆವು. ಭಾಲ್ಕಿ, ಭಾತಂಬ್ರಾಗಳಿಗೆ ನೆರೆಯದಾದ ಬೀದರ ನಗರದ ಬಿದರಿ ಕುಶಲರಾದರೋ ಹೊರಗಿನಿಂದ ಏನನ್ನೂ ಬಳಿಯುವುದಿಲ್ಲ. ಲೋಹದ ಮೈಯನ್ನೇ ಕಪ್ಪಾಗಿಸುತ್ತಾರೆ.

ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರಸಿ ಎರಕ ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತದ ನೀರು ಸವರುತ್ತಾರೆ. ಆಗ ಮೂಡುವ ತಾತ್ಕಾಲಿಕವಾದ ಕಪ್ಪಿನ ಮೇಲೆ ಚಿತ್ರ ಬರೆದು, ಉಳಿಯಿಂದ ಕೆತ್ತಿ, ಬೆಳ್ಳಿಯನ್ನು ಕೂರಿಸಿ, ಮತ್ತೆ ಉಜ್ಜಿ ನಯಮಾಡಿದರೆ ಸತುವೂ ಬೆಳ್ಳಿಯೂ ಒಂದರಂತೊಂದು ತೋರಿ, ಪಟ್ಟ ಶ್ರಮವೆಲ್ಲ ಕಣ್ಣಿಗೆ ಮರೆಯಾಗುತ್ತದೆ!

ಅದನ್ನು ಬೆಳಕಿಗೆ ತರುವುದು ಮಣ್ಣು. ಬಿಸಿಲುಮಳೆ ತಾಗದ ಹಳೆಯ ಕೋಟೆಯ ಮಣ್ಣನ್ನು ನಾಲಗೆಯ ಮೇಲಿಟ್ಟು ರುಚಿಯಿಂದಲೇ ಆರಿಸುತ್ತಾರೆ. ನಮ್ಮ ಪ್ರಯೋಗಶಾಲೆಗಳಿಗೆ ಈ ನಾಲಗೆ ಕಡಮೆಯದೆಂದು ನಮಗೆ ತೋರುವುದಿಲ್ಲ. ಮಣ್ಣು ಕೆಟ್ಟದಾದರೆ ಕೆತ್ತನೆ ಎಷ್ಟು ಸೊಗಸಾಗಿದ್ದರೂ ವ್ಯರ್ಥವೇ. ಅದನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ, ಬಿಸಿಮಾಡಿದ ಪಾತ್ರೆಗೆ ತಿಕ್ಕಿದೊಡನೆ ಸತುವು ಕಪ್ಪಾಗುತ್ತದೆ. ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ತೊಳೆದು ಎಣ್ಣೆ ಸವರಿ ಒರಸಿದರೆ ಕಪ್ಪು ಮತ್ತಷ್ಟು ಗಾಢವಾಗುತ್ತದೆ.