ಕೇಳಿ ತಿಳಿಯುವ ಬಗೆ

ಒಂದು ತೆಂಗಿನ ತೋಟದಲ್ಲಿ ಎಷ್ಟು ಮರಗಳಿವೆ ಎಂಬುದನ್ನು ತಿಳಿಯಲು ಎರಡು ದಾರಿಗಳುಂಟು. ತೋಟಕ್ಕೆ ಹೋಗಿ ಎಣಿಸುವುದು ಒಂದು. ತೋಟದ ಯಜಮಾನರನ್ನು ಕೇಳುವುದು ಇನ್ನೊಂದು. ಎಣಿಸಿದರೆ ಯಾರು ಎಣಿಸಿದರೂ ಒಂದೇ ಲೆಕ್ಕ. ಕೇಳಿದರೆ ಹಾಗಲ್ಲ. ಸಾಲ ಕೊಡುವ ಬ್ಯಾಂಕಿನವರು ಕೇಳಿದಾಗ ಒಂದು ಸಂಖ್ಯೆ, ಕಂದಾಯದವರೋ ಏನೋ ಎಂಬ ಅನುಮಾನ ಬಂದಾಗ ಒಂದು ಸಂಖ್ಯೆ, ಹೆಣ್ಣು ಕೊಡಲು ಬಂದ ಬೀಗರು ಕೇಳಿದಾಗ ಮತ್ತೊಂದು ಸಂಖ್ಯೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆಯವರಿಗೆ ಇದನ್ನು ನಾನು ವಿಸ್ತರಿಸಿ ಹೇಳಬೇಕಾಗಿಲ್ಲ. ಮರಗಳು ನಿಂತಲ್ಲೇ ನಿಂತಿವೆ. ಬದಲಾದದ್ದು ಕೇಳಿದವರು.

ಎದುರಿಗೆ ಕುಳಿತು, ಕೇಳಿ ತಿಳಿಯುವ ಈ ಕ್ರಮಕ್ಕೆ ಸಮಾಜಶಾಸ್ತ್ರದವರು 'ಸಂದರ್ಶನ'ವೆಂದು ಹೆಸರಿಟ್ಟಿದ್ದಾರೆ. ಶಬ್ದದ ಬೆನ್ನು ಹತ್ತುವುದು ಕನ್ನಡ ಪಂಡಿತರ ಹಳೆಯ ಚಾಳಿ, ಮನ್ನಿಸಬೇಕು. 'ಸಂ' ಎಂದರೆ ಚೆನ್ನಾಗಿ, 'ದರ್ಶನ'ವೆಂದರೆ ನೋಡುವುದು. ಈ ಮಾತಿನಲ್ಲಿ ನೋಡುವುದು ಮಾತ್ರ ಇದೆ, ಕೇಳುವುದೇ ಇಲ್ಲ! ಪ್ರಶ್ನೆಯ ಪಟ್ಟಿ ಹಿಡಿದು ಮನೆಯೊಳಕ್ಕೆ ಕಾಲಿಡುವವರು ಈ ಅರ್ಥವನ್ನು ನೆನೆದರೆ ನಷ್ಟವಿಲ್ಲ.

ನಮ್ಮ ಸೀಮೆಗೆ ಈ ಕ್ರಮ ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತಷ್ಟೆ. ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ಚಿಕ್ಕನಾಯಕನಹಳ್ಳಿಗೂ ಬಂದ, ತುರುವೇಕೆರೆಗೂ ಬಂದ. ಮಣ್ಣು ಎಂಥದು, ಬೆಳೆ ಯಾವುದು, ಸಸಿಯನ್ನು ಹೇಗೆ ನೆಡುತ್ತೀರಿ, ಫಲವೆಷ್ಟು, ಸರ್ಕಾರಕ್ಕೆ ಸಲ್ಲುವುದೆಷ್ಟು ಎಂದು ಊರೂರಿನಲ್ಲಿ ಕೇಳಿ ಬರೆದುಕೊಂಡ. 1807ರಲ್ಲಿ ಅದು ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅಂದಿನ ನಮ್ಮ ಹಳ್ಳಿಗಳ ಬದುಕನ್ನು ತಿಳಿಯಲು ಇಂದಿಗೂ ಆ ಗ್ರಂಥವೇ ಒಂದು ದೊಡ್ಡ ಆಸರೆ. ಆದರೆ ಅವನಿಗೂ ರೈತನಿಗೂ ನಡುವೆ ದುಭಾಷಿ. ಬೆನ್ನ ಹಿಂದೆ ಕಂಪನಿಯ ಅಧಿಕಾರ. ಹೊಸದಾಗಿ ಗೆದ್ದವರ ಕಡೆಯವನೊಬ್ಬ ಬಂದು "ನಿನ್ನ ತೋಟದ ಉತ್ಪತ್ತಿ ಎಷ್ಟಪ್ಪ?" ಎಂದರೆ ಯಾವ ರೈತ ತಾನೆ ಎದೆ ಬಿಚ್ಚಿ ಹೇಳಿಯಾನು? ನೆಡುವ ಕ್ರಮವನ್ನು ಕುರಿತು ಅವನಿಗೆ ಸಿಕ್ಕ ಉತ್ತರವನ್ನು ನಾವು ನಿಶ್ಚಿಂತೆಯಿಂದ ನಂಬಬಹುದು. ಉತ್ಪತ್ತಿಯ ಉತ್ತರವನ್ನು ಅಳೆದು ತೂಗಿ ನಂಬಬೇಕು. ಒಬ್ಬನೇ ರೈತ ಒಂದೇ ಜಗಲಿಯ ಮೇಲೆ ಕುಳಿತು ಕೊಟ್ಟ ಎರಡು ಉತ್ತರಗಳಿಗೆ ಎರಡು ಬೆಲೆ. ಸಂದರ್ಶನವನ್ನು ಇಡಿಯಾಗಿ ಒಪ್ಪುವವರೂ ಇಡಿಯಾಗಿ ತಳ್ಳುವವರೂ ಮರೆಯುವುದು ಇದನ್ನೇ.

ಬರಿಯ ಅಂಜಿಕೆಯಿಂದಲೇ ಉತ್ತರ ಕೆಡುವುದೆಂದು ತಿಳಿಯಬೇಡಿ. ಮರ್ಯಾದೆಯಿಂದಲೂ ಕೆಡುತ್ತದೆ. ಮನೆಗೆ ಬಂದವರ ಮಾತಿಗೆ ಇಲ್ಲವೆನ್ನುವುದು ನಮ್ಮ ಹಳ್ಳಿಗಳಲ್ಲಿ ಸೌಜನ್ಯವಲ್ಲ. "ಮಕ್ಕಳನ್ನು ದಿನಾ ಶಾಲೆಗೆ ಕಳಿಸುತ್ತೀರಿ ತಾನೆ?" ಎಂದು ಕೇಳಿದರೆ "ಹೂಂ ಸ್ವಾಮಿ" ಎಂಬುದೇ ಉತ್ತರ. ಪ್ರಶ್ನೆಯ ಬಾಲದಲ್ಲಿರುವ ಆ 'ತಾನೆ'ಯೇ ಉತ್ತರವನ್ನು ಬರೆಸಿಬಿಟ್ಟಿತು. ಇನ್ನು ಸೊಸೆಯನ್ನು ಕೇಳಿದರೆ ಅತ್ತೆ ಹೇಳುವುದು, ಆಳನ್ನು ಕೇಳಿದರೆ ಯಜಮಾನ ಹೇಳುವುದು ನಿಮಗೆ ಗೊತ್ತೇ ಇದೆ.

"ನಿಮ್ಮ ಉದ್ಯೋಗವೇನಮ್ಮ?" ಎಂಬ ಪ್ರಶ್ನೆಗೆ ಹೆಣ್ಣುಮಗಳು "ಏನೂ ಇಲ್ಲ, ಮನೇಲೇ ಇದೀನಿ" ಎನ್ನುತ್ತಾಳೆ. ಪಟ್ಟಿಯಲ್ಲಿ 'ಗೃಹಿಣಿ' ಎಂದು ಬಿತ್ತು. ಆಕೆ ಬೆಳಿಗ್ಗೆಯಿಂದ ಚಿಪ್ಪು ಒಡೆದು ಗಿಟುಕು ಬಿಡಿಸಿದ ರಾಶಿ ಅಲ್ಲೇ, ಬರೆಯುವವರ ಮೊಣಕಾಲಿಗೆ ತಾಗುವಂತೆ ಬಿದ್ದಿರುತ್ತದೆ! ಆಕೆ ಸುಳ್ಳು ಹೇಳಲಿಲ್ಲ. ಕೂಲಿ ಬಾರದ ಕೆಲಸಕ್ಕೆ ಉದ್ಯೋಗವೆಂಬ ಹೆಸರು ಆಕೆಯ ಮಾತಿನಲ್ಲಿಲ್ಲ, ಅಷ್ಟೆ. ಆದರೆ ಆ ಒಂದು ಪದದಿಂದ ತಾಲ್ಲೂಕಿನ ಅರ್ಧ ದುಡಿಮೆ ಲೆಕ್ಕದಿಂದಲೇ ಹೊರಬಿತ್ತು. ಲೆಕ್ಕಕ್ಕೆ ಬಾರದ ದುಡಿಮೆಗೆ ಯಾರು ಸವಲತ್ತು ಕೊಡುತ್ತಾರೆ?

ಹಾಗಾದರೆ ಕೇಳುವುದನ್ನು ಬಿಟ್ಟು ಬರಿದೆ ನೋಡಿದರೆ ಸಾಕೆ? ಸಾಲದು. ಅಟ್ಟದ ಮೇಲೆ ಕಾಯಿ ಹಾಕಿ ವರ್ಷವಾಗುತ್ತ ಬಂದಿದೆ, ಒಳಗೆ ಗಿಟುಕು ಅಲ್ಲಾಡುವ ಸದ್ದೂ ಕೇಳುತ್ತಿದೆ, ಆದರೂ ಒಡೆಸಿಲ್ಲ. ಏಕೆ? ತಿಪಟೂರು ಮಾರುಕಟ್ಟೆಯ ಧಾರಣೆ ಏರಲೆಂದೋ, ಮಗಳ ಮದುವೆ ಗೊತ್ತಾಗಲೆಂದೋ, ಅಣ್ಣತಮ್ಮಂದಿರ ಪಾಲು ತೀರ್ಮಾನವಾಗಿಲ್ಲವೆಂದೋ? ಕಾಯಿಯನ್ನು ಎಷ್ಟು ಸಲ ಎಣಿಸಿದರೂ ಇದು ತಿಳಿಯದು. ಬಾಯಿಂದ ಬಾಯಿಗೇ ಬರಬೇಕು. ಓದು ಬಾರದವರೂ ಸಂದರ್ಶನದಲ್ಲಿ ಉತ್ತರಿಸಬಲ್ಲರು. ತಿಳಿಯದಿದ್ದರೆ ತಿರುಗಿ ಕೇಳಬಲ್ಲರು. ನೆನಪು ತಪ್ಪಿದವರಿಗೆ ಒಂದು ಎಳೆ ಹಿಡಿದುಕೊಟ್ಟರೆ ಮಿಕ್ಕಿದ್ದು ತಾನಾಗಿ ಬರುತ್ತದೆ. ಮಗ ಹುಟ್ಟಿದ ಇಸವಿ ಕೇಳಿದರೆ ತಾಯಿ ತಡವರಿಸಬಹುದು; "ತೆಂಗಿಗೆ ನುಸಿ ಬಂತಲ್ಲ, ಅದಕ್ಕೆ ಮೊದಲೋ ಆಮೇಲೋ?" ಎಂದರೆ ತಟ್ಟನೆ ಹೇಳುತ್ತಾಳೆ. ಆ ನುಸಿ 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ಆಮೇಲೆ ನಮ್ಮ ತೋಟಗಳಿಗೆ ಇಳಿದದ್ದು.

ಈ ವಿದ್ಯೆಯಲ್ಲಿ ಕನ್ನಡ ನಾಡಿನ ದೊಡ್ಡ ಹೆಸರು ಮೈಸೂರಿನ ಎಂ. ಎನ್. ಶ್ರೀನಿವಾಸರದು. ಅವರು 1948ರಲ್ಲಿ ಮೈಸೂರಿಗೆ ಹತ್ತಿರದ ಒಂದು ಹಳ್ಳಿಗೆ ಹೋಗಿ, ಪಟೇಲರಿಗೆ ಸೇರಿದ ಎತ್ತಿನ ಮನೆಯಲ್ಲಿ ಬಿಡಾರ ಮಾಡಿ, ತಿಂಗಳುಗಟ್ಟಲೆ ಇದ್ದರು. ಪಟ್ಟಿ ಹಿಡಿದು ಕೇಳಿದ್ದಕ್ಕಿಂತ ಜಗಲಿಯ ಮೇಲೆ ಕುಳಿತು ಕೇಳಿಸಿಕೊಂಡದ್ದೇ ಹೆಚ್ಚು. 1970ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರು ಓರಣಗೊಳಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ ಆಹುತಿಯಾದವು; ಬಹುಮಟ್ಟಿಗೆ ನೆನಪಿನಿಂದಲೇ ಬರೆದ ಅವರ ಪುಸ್ತಕ 1976ರಲ್ಲಿ ಹೊರಬಂತು. ಆದರೂ ಪಟೇಲರ ಅತಿಥಿಯಾದ ಬ್ರಾಹ್ಮಣರ ಬಳಿ ಹರಿಜನ ಕೇರಿಯವರು ಸಲಿಗೆಯಿಂದ ಬಂದು ಕುಳಿತಾರೆ? ತಾವು ಕಂಡದ್ದು ಮೇಲುಜಾತಿಯವರ ಕಡೆಯಿಂದ ಕಂಡ ಊರು ಎಂಬ ಮಾತನ್ನು ಅವರೇ ಒಪ್ಪಿಕೊಂಡಿದ್ದಾರೆ.

2025ರ ಸೆಪ್ಟೆಂಬರ್ 22ರಿಂದ ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ನಡೆದದ್ದು ನಿಮಗೆ ನೆನಪಿದೆ. ಪ್ರಶ್ನೆಗಳು 60, ಕೇಳಲು ಹೋದವರಲ್ಲಿ ಬಹುಮಂದಿ ಶಾಲೆಯ ಮೇಷ್ಟ್ರುಗಳು, ಮೇಡಮ್ಮುಗಳು. ಉತ್ತರಿಸುವುದು ಜನರ ಇಷ್ಟಕ್ಕೆ ಬಿಟ್ಟದ್ದು ಎಂದು ಹೈಕೋರ್ಟು ಸ್ಪಷ್ಟಪಡಿಸಿತ್ತು. ಆದರೆ ಮಗನ ಮೇಷ್ಟ್ರೇ ಬಾಗಿಲಲ್ಲಿ ನಿಂತರೆ 'ಹೇಳುವುದಿಲ್ಲ' ಎನ್ನಲು ಎಷ್ಟು ತಂದೆತಾಯಿಗಳಿಗೆ ನಾಲಿಗೆ ಏಳುತ್ತದೆ? ಮೇಷ್ಟ್ರೆಂಬ ನಂಬಿಕೆಯಿಂದ ಬಾಗಿಲು ತೆರೆಯುತ್ತದೆ. ಮೇಷ್ಟ್ರೆಂಬ ಸಂಕೋಚದಿಂದ ಸಾಲದ ಮಾತು, ಕುಡಿತದ ಮಾತು ಒಳಗೇ ಉಳಿಯುತ್ತದೆ.

ಇನ್ನೊಂದು ಮಾತು. ಶ್ರೀನಿವಾಸರು ತಮ್ಮ ಹಳ್ಳಿಯನ್ನು 'ರಾಂಪುರ'ವೆಂದು ಕರೆದರು. ಆದರೂ ಅದು ಕೊಡಗಹಳ್ಳಿಯೆಂಬುದು ಮುಂದೆ ಎಲ್ಲರಿಗೂ ತಿಳಿಯಿತು. ತೋಟದ ಸೀಮೆಯಲ್ಲಂತೂ ಹೆಸರು ಮರೆಸಿದರೆ ಏನೂ ಆಗದು. "ಕೆರೆ ಏರಿಯ ಕೆಳಗೆ ತೋಟ, ಹಿರಿಯ ಮಗ ಬೆಂಗಳೂರಿನಲ್ಲಿ, ಕಿರಿಯವನೊಡನೆ ವ್ಯಾಜ್ಯ" ಎಂದು ಬರೆದರೆ ಸಂತೆಗೆ ಬಂದವರೆಲ್ಲ ಯಾರೆಂದು ಹೇಳಿಬಿಡುತ್ತಾರೆ. ಅಂಥ ಕಡೆ ಊರಿನ ಹೆಸರಿನ ಜೊತೆಗೆ ಕೆರೆಯ ಏರಿಯನ್ನೂ ಬಿಡಬೇಕು. ವ್ಯಾಜ್ಯದ ಮಾತನ್ನು ಹೇಳಿದವರನ್ನೇ ಇನ್ನೊಮ್ಮೆ ಕೇಳಿ, ಅವರು ಬೇಡವೆಂದರೆ ಅದನ್ನೂ ಬಿಡಬೇಕು.